ಅತ್ತೆಯ ಸೊಂಟದ ಫೋಟೋ

ಬಡಗಿಯ ಮಣಿಕಟ್ಟಿನ ಹಳೆಯ ಎಕ್ಸ್‌ರೇ ಫಿಲ್ಮನ್ನು ಇನ್ನೊಂದು ಸಲ ಕಳಿಸು ಎಂದು ಮೂಳೆ ಡಾಕ್ಟರು ಮೆಸೇಜು ಹಾಕಿದ್ದರಿಂದ ಇಷ್ಟೆಲ್ಲ ಆಯಿತು. ಇಲ್ಲದಿದ್ದರೆ ಆ ಮಂಗಳವಾರವೂ ಉಳಿದ ಮಂಗಳವಾರಗಳ ಹಾಗೆ ಬಂದ ದಾರಿಯಲ್ಲೇ ಹೋಗಿಬಿಡುತ್ತಿತ್ತು. ಬಡಗಿ ಹೊರಗೆ ಬೆಂಚಿನ ಮೇಲೆ ಕೂತು ತನ್ನ ಎಡಗೈಯನ್ನು ಬಲಗೈಯಲ್ಲಿ, ಯಾರೋ ಸ್ವಲ್ಪ ನೋಡಿಕೊಳ್ಳಿ ಎಂದು ಕೊಟ್ಟುಹೋದ ಸಾಮಾನಿನ ಹಾಗೆ, ಹಿಡಿದುಕೊಂಡಿದ್ದ. ಒಳಗೆ ಅವನು, ಇಡೀ ಕಟ್ಟಡವೇ ‘ಎಕ್ಸ್‌ರೇ’ ಎಂದು ಕರೆಯುತ್ತಿದ್ದ, ಇಪ್ಪತ್ತೆರಡು ವರ್ಷದಿಂದ ಜನರ ಮೂಳೆ ನೋಡುತ್ತ ಬಂದರೂ ಮೂಳೆಯ ಬಗ್ಗೆ ಒಂದು ಮಾತಾಡುವ ಅಧಿಕಾರವಿಲ್ಲದ ಅವನು, ಫೋನಿನಲ್ಲಿ ಡಾಕ್ಟರ ಜೊತೆಗಿನ ಮೆಸೇಜುಗಳನ್ನು ಹಿಂದಕ್ಕೆ ಹಿಂದಕ್ಕೆ ಸರಿಸುತ್ತಿದ್ದ. ಒಂದರ ಕೆಳಗೊಂದು ಬೂದು ಪಟ್ಟಿಗಳು. ಮೊಣಕಾಲು, ಭುಜ, ಪಕ್ಕೆಲುಬು. ಒಂದೊಂದರ ಪಕ್ಕದಲ್ಲೂ ಅದು ಇಷ್ಟು ಎಂಬಿ ಎಂದು ಬರೆದಿತ್ತು. ಎಲ್ಲವೂ ಡಾಕ್ಯುಮೆಂಟುಗಳು. ಅವುಗಳ ನಡುವೆ ಒಂದೇ ಒಂದು ಕಡೆ ಮಾತ್ರ ಚಿತ್ರವು ಚಿತ್ರವಾಗಿಯೇ, ಮೈಮೇಲೆ ಬಟ್ಟೆಯಿಲ್ಲದವರ ಹಾಗೆ, ತೆರೆದುಕೊಂಡು ಬಿದ್ದಿತ್ತು. ಅದು ಅತ್ತೆಯ ಸೊಂಟ. ಅವನ ಹೆಂಡತಿಯ ತಾಯಿ, ಹನ್ನೊಂದು ದಿನದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದವರು. ಕೆಳಗೆ ಡಾಕ್ಟರ ಉತ್ತರವಿತ್ತು: ‘ನಾರ್ಮಲ್. ನಡೆಸಿ.’ ಅದರ ಪಕ್ಕದಲ್ಲಿ ಎತ್ತಿದ ಹೆಬ್ಬೆಟ್ಟು.

ಫೋಟೋವನ್ನು ಫೋಟೋ ಆಗಿ ಕಳಿಸಬಾರದು ಎನ್ನುವುದು ಆ ಡಯಾಗ್ನೊಸ್ಟಿಕ್ ಸೆಂಟರಿನಲ್ಲಿ ಅವನೇ ತಂದ ಕಾನೂನು. ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಫೋನಿನಲ್ಲಿ ಫೋಟೋ ತೆಗೆದು, ಊರಿನ ಆಚೆ ತುದಿಯ ಆಸ್ಪತ್ರೆಯಲ್ಲಿ ಕೂತ ಡಾಕ್ಟರಿಗೆ ಕಳಿಸುವುದು ದಿನದ ಕೆಲಸ. ಸುಮ್ಮನೆ ಕಳಿಸಿದರೆ ಆ್ಯಪು ಅದನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿ ಕಳಿಸುತ್ತದೆ, ಡಾಕ್ಯುಮೆಂಟು ಮಾಡಿ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಇದನ್ನು ಅವನು ಕೌಂಟರಿನ ಹುಡುಗಿಗೆ ಹೇಳಿದ್ದ, ರಕ್ತ ತೆಗೆಯುವವಳಿಗೆ ಹೇಳಿದ್ದ, ಕೇಳದೆ ಇದ್ದವರಿಗೂ ಹೇಳಿದ್ದ. ಒಮ್ಮೆ ಹೆಂಡತಿಯ ತಮ್ಮ ತನ್ನ ಮಗುವಿನ ಫೋಟೋ ಕಳಿಸಿದಾಗ, ಮಗು ಯಾರ ಹಾಗಿದೆ ಎಂದು ಎಲ್ಲರೂ ಕೊಂಡಾಡುತ್ತಿದ್ದರೆ ಇವನೊಬ್ಬ ‘ಕ್ವಾಲಿಟಿ ಹೋಗಿದೆ, ಡಾಕ್ಯುಮೆಂಟ್ ಕಳಿಸು’ ಎಂದು ಬರೆದು ಮನೆಯವರ ಬಾಯಿಗೆ ಬಿದ್ದಿದ್ದ. ಅಂಥವನು ಅತ್ತೆಯದನ್ನು ಮಾತ್ರ ಹಿಂಡಿ ಕಳಿಸಿದ್ದ. ಮರೆತಲ್ಲ. ಮರೆತಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು, ಮರೆವು ಯಾರಿಗಿಲ್ಲ? ಅವನಿಗೆ ಆ ಶುಕ್ರವಾರದ ಸಂಜೆ ಹೆಬ್ಬೆರಳು ಎರಡು ಗುಂಡಿಗಳ ನಡುವೆ ತೂಗಾಡಿದ್ದು ಚೆನ್ನಾಗಿ ನೆನಪಿತ್ತು. ಅದಕ್ಕೆ ಹಿಂದಿನ ವಾರವಷ್ಟೇ ಡಾಕ್ಟರು ‘ನಿನ್ನ ಫೈಲುಗಳಿಂದ ನನ್ನ ಫೋನಿನ ಹೊಟ್ಟೆ ಬಿರಿತಾ ಇದೆ ಕಣಯ್ಯ’ ಎಂದಿದ್ದರು, ನಗುತ್ತಲೇ. ಹೊರಗಿನ ರೋಗಿಗಳದಾದರೆ ಸರಿ, ಅದು ಕೆಲಸ. ಇದು ಮನೆಯವರದು, ಸರ್ ಒಂಚೂರು ನೋಡಿ ಎಂದು ಹಲ್ಲು ಗಿಂಜಿ ಕೇಳಿದ್ದು, ಡಾಕ್ಟರು ಫೀಸಿಲ್ಲದೆ ದೊಡ್ಡ ಮನಸ್ಸು ಮಾಡಿ ಒಪ್ಪಿದ್ದು. ಪುಕ್ಕಟೆ ಉಪಕಾರಕ್ಕೆ ಹನ್ನೆರಡು ಎಂಬಿ ಹೊರಿಸುವುದು ಅವನಿಗೆ ಸಂಕೋಚವಾಯಿತು. ಊಟಕ್ಕೆ ಕರೆದವರ ಮನೆಯಲ್ಲಿ ಎರಡನೇ ಸಲ ಬಡಿಸಿಕೊಳ್ಳುವಾಗ ಆಗುತ್ತದಲ್ಲ, ಅಂಥದೇ ಸಂಕೋಚ. ಹಾಗಾಗಿ ಚಿಕ್ಕದು ಕಳಿಸಿದ್ದ. ಕಳಿಸಿ, ತನ್ನ ಸೌಜನ್ಯಕ್ಕೆ ತಾನೇ ಮೆಚ್ಚಿಕೊಂಡಿದ್ದ.

ಈಗ ಆ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿದ. ತೊಡೆಮೂಳೆಯ ತಲೆ, ಅದರ ಕೆಳಗಿನ ಕತ್ತು, ಎಲ್ಲ ಬೂದು ಚೌಕ ಚೌಕಗಳಾಗಿ ಕಲಸಿಹೋದವು. ನೋಡಿದರೆ ಮೂಳೆ ಎನ್ನಬೇಕೋ ಮೋಡ ಎನ್ನಬೇಕೋ ತಿಳಿಯುತ್ತಿರಲಿಲ್ಲ. ಡಾಕ್ಟರು ಇದನ್ನು ನೋಡಿ ನಾರ್ಮಲ್ ಎಂದಿದ್ದರಲ್ಲಿ ಏನು ತಪ್ಪು? ಮೋಡ ನಾರ್ಮಲ್ಲೇ. ಇಷ್ಟಕ್ಕೇ ಫೋನು ಕೆಳಗಿಟ್ಟು ಬಡಗಿಯ ಕೈ ನೋಡಬಹುದಿತ್ತು. ಆದರೆ ಮೂಲ ಫೋಟೋ ಅವನ ಗ್ಯಾಲರಿಯಲ್ಲಿ ಇನ್ನೂ ಇತ್ತು, ಬೆರಳು ತನಗೆ ತಾನೇ ಅಲ್ಲಿಗೆ ಹೋಯಿತು. ಹಿಗ್ಗಿಸಿದ. ಕತ್ತಿನ ಮೇಲೆ ಅಡ್ಡಲಾಗಿ ಒಂದು ಗೆರೆ. ಫೋನಿನ ಗಾಜಿಗೆ ಕೂದಲು ಅಂಟಿರಬೇಕು ಎಂದು ಹೆಬ್ಬೆರಳಿಂದ ಒರೆಸಿದ. ಅಂಗಿಯ ತುದಿಯಿಂದ ಒರೆಸಿದ. ಚಿತ್ರವನ್ನು ಎಡಕ್ಕೆ ಸರಿಸಿದಾಗ ಗೆರೆಯೂ ಜೊತೆಗೇ ಎಡಕ್ಕೆ ಸರಿಯಿತು. ಇಪ್ಪತ್ತೆರಡು ವರ್ಷದಲ್ಲಿ ಅವನು ಇಂಥ ಗೆರೆ ಮೂವತ್ತೋ ನಲವತ್ತೋ ನೋಡಿದ್ದ, ನೋಡಿ ಬಾಯಿ ಮುಚ್ಚಿಕೊಂಡು ಕಳಿಸಿದ್ದ, ಯಾಕೆಂದರೆ ಬಹಳ ಹಿಂದೆ ಒಂದು ಸಲ ‘ಸರ್, ಇಲ್ಲಿ ಸೀಳಿದ ಹಾಗಿದೆ’ ಎಂದದ್ದಕ್ಕೆ ರೋಗಿಯ ಎದುರಿಗೇ ‘ಫೋಟೋ ತೆಗೆಯೋದು ನಿನ್ನ ಕೆಲಸ, ನೋಡೋದು ನನಗೆ ಬಿಡು’ ಎನ್ನಿಸಿಕೊಂಡಿದ್ದ. ಅಂದಿನಿಂದ ಫಿಲ್ಮು ಒಣಗಿದರೆ ಅವನ ಕಣ್ಣೂ ಮುಚ್ಚುತ್ತಿತ್ತು. ಅತ್ತೆಯ ಫಿಲ್ಮನ್ನೂ ಅವತ್ತು ಅವನು ನೋಡಿರಲಿಲ್ಲ. ಸರಿಯಾಗಿ ಬಂದಿದೆಯೇ ಎಂದಷ್ಟೇ ನೋಡಿದ್ದ. ಇಂಥ ಗೆರೆಯ ಮೇಲೆ ಭಾರ ಬಿದ್ದರೆ ಒಂದಲ್ಲ ಒಂದು ದಿನ ಮೂಳೆ ಅಲ್ಲಿಂದ ಜಾರುತ್ತದೆ, ಜಾರಿದ ಮೇಲೆ ಎರಡು ಸ್ಕ್ರೂವಿನಲ್ಲಿ ಮುಗಿಯುವುದಿಲ್ಲ, ಕೀಲನ್ನೇ ತೆಗೆದು ಬೇರೆ ಹಾಕಬೇಕು ಎಂಬಷ್ಟು ಮಾತ್ರ ಅವನಿಗೆ ಗೊತ್ತಿತ್ತು. ಅಷ್ಟು ಸಾಕಾಗಿತ್ತು.

ಹನ್ನೊಂದು ದಿನ ಅತ್ತೆಯನ್ನು ನಡೆಸಿದವನು ಅವನೇ. ಅಡುಗೆಮನೆಯ ಬಾಗಿಲಿನಿಂದ ಮುಂಬಾಗಿಲಿನವರೆಗೆ, ಬೆಳಿಗ್ಗೆ ಹತ್ತು ಸುತ್ತು ಅವನ ಪಾಲು, ಮಧ್ಯಾಹ್ನ ಹನ್ನೆರಡಕ್ಕೆ ಹತ್ತು ಸುತ್ತು ಹೆಂಡತಿಯ ಪಾಲು. ‘ಗೋಡೆ ಹಿಡ್ಕೋಬೇಡಿ ಅತ್ತೆ, ಗೋಡೆ ಹಿಡಿದ್ರೆ ಅಭ್ಯಾಸ ಆಗ್ಬಿಡುತ್ತೆ’ ಎಂದಿದ್ದ, ಮೂಳೆಯ ವಿಷಯದಲ್ಲಿ ಕೊನೆಗೂ ಒಂದು ಮಾತಾಡುವ ಅಧಿಕಾರ ಸಿಕ್ಕಿದವನ ಗತ್ತಿನಲ್ಲಿ. ಅತ್ತೆ ಗೋಡೆಯಿಂದ ಕೈ ತೆಗೆದಿದ್ದರು. ಮೂವತ್ತು ವರ್ಷ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವರು, ಮೇಲಿನವರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿ ಗೊತ್ತಿದ್ದವರು. ಮೂರನೇ ದಿನ ‘ಅಳಿಯಂದ್ರೆ, ಒಳಗೆ ಏನೋ ಕುಟುಕಿದ ಹಾಗಾಗುತ್ತೆ’ ಎಂದರು. ಅವನು ಫೋನು ತೆಗೆದು ಎತ್ತಿದ ಹೆಬ್ಬೆಟ್ಟನ್ನು ತೋರಿಸಿದ. ಅವರು ಕನ್ನಡಕ ಹಾಕಿಕೊಂಡು ಆ ಹೆಬ್ಬೆಟ್ಟನ್ನು ನೋಡಿ, ‘ಡಾಕ್ಟ್ರು ಅಂದ್ಮೇಲೆ ಸರಿ ಇರುತ್ತೆ ಬಿಡಿ’ ಎಂದು ಹನ್ನೊಂದನೆಯ ಸುತ್ತನ್ನೂ ಹಾಕಿದರು, ಮೊದಲು ಎಣಿಕೆ ತಪ್ಪಿತ್ತೇನೋ ಎಂಬ ಅನುಮಾನಕ್ಕೆ. ಹೆಂಡತಿಗೆ ಮಾತ್ರ ತಾಯಿಯ ನೋವಿನ ಮೇಲೆ ಹಳೆಯ ಅಪನಂಬಿಕೆ. ಅವಳು ಚಿಕ್ಕವಳಿದ್ದಾಗ ಶಾಲೆಯ ಪ್ರವಾಸದ ಹಿಂದಿನ ದಿನವೇ ಅಮ್ಮನಿಗೆ ತಲೆನೋವು ಬರುತ್ತಿತ್ತಂತೆ, ಅವಳ ಮದುವೆಯ ಮಾತುಕತೆಯ ದಿನವೂ ಬಂದಿತ್ತಂತೆ. ‘ನಮ್ಮಮ್ಮಂದು ನಿಮಗೆ ಗೊತ್ತಿಲ್ಲ, ಎಲ್ರೂ ಸುತ್ತ ನಿಂತ್ಕೋಬೇಕು, ಅಷ್ಟೆ’ ಎಂದು ಅವಳು ಅತ್ತೆಗೆ ಕೇಳುವ ಹಾಗೇ ಹೇಳುತ್ತಿದ್ದಳು. ಐದನೇ ದಿನದಿಂದ ಅತ್ತೆ ನೋವಿನ ಮಾತೆತ್ತುವುದನ್ನು ಬಿಟ್ಟರು. ಮಂಚದಿಂದ ಏಳುವಾಗ ಕೆಳದುಟಿ ಕಚ್ಚಿಕೊಳ್ಳುತ್ತಿದ್ದರು, ಯಾರಾದರೂ ನೋಡಿದರೆ ಅದನ್ನೇ ನಗುವಾಗಿ ತಿರುಗಿಸುತ್ತಿದ್ದರು. ಇವತ್ತು ಬೆಳಿಗ್ಗೆ ಕೂಡ ಹಾಗೆ ನಕ್ಕಿದ್ದರು, ಅವನೂ ವಾಪಸು ನಕ್ಕಿದ್ದ, ಎಂಥ ದರಿದ್ರ ನಗು ಅದು!

ಬಡಗಿಯ ಹಳೆಯ ಫಿಲ್ಮು, ಹೊಸ ಫಿಲ್ಮು ಎರಡನ್ನೂ ಕಳಿಸಿದ ಮೇಲೆ ಅತ್ತೆಯದನ್ನೂ ಡಾಕ್ಯುಮೆಂಟು ಮಾಡಿ ಕಳಿಸಿದ. ‘ಸರ್, ಇದನ್ನೊಂದು ನೋಡಿ’ ಎಂದಷ್ಟೇ ಬರೆದ. ಚಿಕ್ಕ ವೃತ್ತವೊಂದು ತುಂಬುತ್ತ ತುಂಬುತ್ತ ಹೋಗಿ ಮುಗಿಯಿತು. ಎರಡು ಟಿಕ್ಕು ಬಿದ್ದವು, ನೀಲಿಯಾಗಲಿಲ್ಲ. ಹೊರಗಿನಿಂದ ಬಡಗಿ ಬಾಗಿಲಲ್ಲಿ ತಲೆ ಹಾಕಿದ.

‘ಏನಂತೆ ಸರ್?’

‘ಡಾಕ್ಟ್ರು ಇನ್ನೂ ನೋಡಿಲ್ಲ.’

‘ನೀವೇ ನೋಡಿ ಹೇಳ್ಬಾರ್ದಾ? ಇಷ್ಟು ವರ್ಷದ ಕಣ್ಣು. ನಾನು ಹಲಗೆ ನೋಡಿದ್ರೆ ಸಾಕು, ಎಲ್ಲಿ ಸೀಳು ಬರುತ್ತೆ ಅಂತ ಹೇಳ್ಬಿಡ್ತೀನಿ.’

‘ಹೊರಗೆ ಕೂತ್ಕೊಳ್ರೀ’ ಎಂದ ಅವನು, ಬೇಕಾದ್ದಕ್ಕಿಂತ ಜೋರಾಗಿ. ಬಡಗಿ ತನ್ನ ಕೈಯನ್ನು ಎತ್ತಿಕೊಂಡು ಹೊರಗೆ ಹೋದ.

ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಈಗಲೇ ಫೋನು ಮಾಡಿ ಅತ್ತೆಯನ್ನು ಕೂರಿಸಬೇಕು, ಅದು ಅವನಿಗೆ ಬಿಸಿಲಿನಷ್ಟು ಸ್ಪಷ್ಟವಾಗಿತ್ತು. ಆದರೆ ಕೂರಿಸು ಎಂದರೆ ಯಾಕೆ ಎಂದು ಕೇಳುತ್ತಾಳೆ, ಯಾಕೆ ಎಂದು ಹೇಳಿದರೆ ಹನ್ನೆರಡು ಎಂಬಿ, ಸಂಕೋಚ, ಎಲ್ಲ ಹೊರಗೆ ಬರುತ್ತದೆ. ಡಾಕ್ಟರು ಏನೂ ಇಲ್ಲ ಎಂದುಬಿಟ್ಟರೆ? ಸುಮ್ಮನೆ ಯಾಕೆ ರಾದ್ಧಾಂತ? ಅವರ ಉತ್ತರ ಬರಲಿ ಎಂದು ಕಾದ. ಕಾಯುತ್ತ ಮೇಜಿನ ಮೇಲಿನ ಕ್ಲಿಪ್ಪುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿಟ್ಟ. ಹನ್ನೆರಡು ದಾಟಿತು. ಇನ್ನು ಒಂದೊಂದು ನಿಮಿಷವೂ ಅತ್ತೆಯ ಒಂದೊಂದು ಸುತ್ತು ಎಂದು ಹೊಳೆಯಿತು. ಹೆಂಡತಿಗೆ ಫೋನು ಮಾಡಿದ.

‘ಅತ್ತೆ ಏನ್ಮಾಡ್ತಿದ್ದಾರೆ?’

‘ಏನ್ಮಾಡ್ತಾರೆ, ನಡೀತಿದ್ದಾರೆ. ನಾಲ್ಕಾಯ್ತು. ಯಾಕ್ರೀ?’

‘ಏನಿಲ್ಲ. ಇವತ್ತೊಂದಿನ ಸಾಕು ಬಿಡು. ಸೆಕೆ ಜಾಸ್ತಿ ಇದೆ.’

‘ಸೆಕೆನಾ? ಒಳಗೆ ತಾನೆ ನಡಿಯೋದು? ನೀವೇ ಅಲ್ವಾ ಒಂದಿನ ಬಿಟ್ರೂ ಕೀಲು ಹಿಡ್ಕೊಳ್ಳುತ್ತೆ ಅಂದಿದ್ದು? ಈಗ ಅಮ್ಮನ ನಾಟಕಕ್ಕೆ ನೀವೂ ಸೇರ್ಕೊಂಡ್ರಾ?’ ಎಂದು ನಕ್ಕಳು. ಆ ನಗುವಿನ ಹಿಂದೆ, ಹಜಾರದ ನೆಲದ ಮೇಲೆ, ಚಪ್ಪಲಿಯ ಸದ್ದು ಕೇಳುತ್ತಿತ್ತು. ಒಂದು ಹೆಜ್ಜೆ ಪಟ್ಟನೆ ಬೀಳುತ್ತಿತ್ತು, ಇನ್ನೊಂದು ನೆಲ ಉಜ್ಜಿಕೊಂಡು ಬರುತ್ತಿತ್ತು. ಇದೇ ಸದ್ದನ್ನು ಅವನು ಹನ್ನೊಂದು ಬೆಳಿಗ್ಗೆ ಪಕ್ಕದಲ್ಲೇ ನಡೆಯುತ್ತ ಕೇಳಿದ್ದ. ಅದು ಸೋಮಾರಿತನ ಎಂದುಕೊಂಡಿದ್ದ, ಕಾಲು ಎತ್ತಿಡಿ ಅತ್ತೆ ಎಂದೂ ಅಂದಿದ್ದ.

‘ಕೂರ್ಸು ಅಂದೆ!’ ಎಂದು ಕಿರುಚಿದ. ‘ಕುರ್ಚಿ ತಂದು ಅಲ್ಲೇ ಕೂರ್ಸು. ಕಾಲು ನೆಲಕ್ಕೆ ಊರೋದು ಬೇಡ.’

‘ಏನಾಯ್ತ್ರೀ?’

‘ಫಿಲ್ಮಲ್ಲಿ ಏನೋ ಗೆರೆ ಇದೆ. ಡಾಕ್ಟ್ರು ನೋಡ್ತಿದ್ದಾರೆ. ಆಮೇಲೆ ಹೇಳ್ತೀನಿ’ ಎಂದು, ಯಾವ ಫಿಲ್ಮು ಎಂದು ಅವಳು ಕೇಳುತ್ತಿರುವಾಗಲೇ ಕರೆ ಮುಗಿಸಿದ. ಅರ್ಧ ಸತ್ಯ ಹೇಳಿದ್ದಕ್ಕೆ ಅರ್ಧ ಸಮಾಧಾನವಾಗಬೇಕಿತ್ತು, ಅದೂ ಆಗಲಿಲ್ಲ.

ಅಷ್ಟರಲ್ಲಿ ಟಿಕ್ಕುಗಳು ನೀಲಿಯಾದವು. ಡಾಕ್ಟರು ಬರೆಯುತ್ತಿದ್ದಾರೆ ಎಂದು ಫೋನು ಹೇಳಿತು, ನಿಲ್ಲಿಸಿದ್ದಾರೆ ಎಂದಿತು, ಮತ್ತೆ ಬರೆಯುತ್ತಿದ್ದಾರೆ ಎಂದಿತು. ‘ಫ್ರ್ಯಾಕ್ಚರ್ ಇದೆ. ತಕ್ಷಣ ಕರ್ಕೊಂಡು ಬಾ. ನಡೆಸಬೇಡ.’ ಅದರ ಹಿಂದೆಯೇ ಇನ್ನೊಂದು ಬಂತು: ‘ಇದು ಹೊಸ ಫಿಲ್ಮಾ? ಮತ್ತೆ ಬಿದ್ರಾ?’ ಅವನು ಆ ಎರಡು ಪ್ರಶ್ನೆಗಳನ್ನು ನೋಡುತ್ತ ನಿಂತ. ಡಾಕ್ಟರು ಸುಮ್ಮನೆ ಕೇಳಿದ್ದೋ, ಅಥವಾ ಅವರಿಗೂ ತಮ್ಮ ಎತ್ತಿದ ಹೆಬ್ಬೆಟ್ಟು ನೆನಪಾಗಿ ತನಗೊಂದು ಬಾಗಿಲು ತೆರೆದಿಟ್ಟಿದ್ದೋ ತಿಳಿಯಲಿಲ್ಲ. ಫಿಲ್ಮಿನ ಮೂಲೆಯಲ್ಲಿ ತಾರೀಖು ಇರುತ್ತದೆ. ಆದರೆ ಬೆಳಕಿನ ಪೆಟ್ಟಿಗೆಯ ಆ ಬದಿಯ ಕ್ಲಿಪ್ಪು ಸಡಿಲವಾಗಿದ್ದರಿಂದ ಅವನು ಯಾವಾಗಲೂ ಅಲ್ಲಿ ಬೆರಳಿಂದ ಒತ್ತಿ ಹಿಡಿದೇ ಫೋಟೋ ತೆಗೆಯುವವನು, ಅತ್ತೆಯ ಚಿತ್ರದಲ್ಲೂ ತಾರೀಖಿನ ಮೇಲೆ ಅವನ ಬೆರಳೇ ಕೂತಿತ್ತು. ಎಲ್ಲವೂ ಎಷ್ಟು ಅನುಕೂಲವಾಗಿ ಒದಗಿ ಬಂದಿತ್ತೆಂದರೆ, ಇಲ್ಲ ಎನ್ನುವುದೇ ಅಸಭ್ಯವಾಗಿ ಕಂಡಿತು. ‘ಹೌದು ಸರ್. ನಿನ್ನೆ ಬಿದ್ರು’ ಎಂದು ಬರೆದ. ಬೆವರಿದ ಹೆಬ್ಬೆರಳು ಒಂದು ಅಕ್ಷರ ತಪ್ಪು ಒತ್ತಿತು. ಅದನ್ನು ಅಳಿಸಿ ಸರಿಮಾಡಿ ಕಳಿಸಿದ. ಸುಳ್ಳಿನಲ್ಲೂ ಕ್ವಾಲಿಟಿ ಕೆಡಬಾರದು ಎನ್ನುವ ಮನುಷ್ಯ. ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು, ಮತ್ತೆ ತೊಳೆದುಕೊಂಡ.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅತ್ತೆಗೆ ಮೊದಲೇ ಹೇಳಿಬಿಡಬೇಕು ಎಂದುಕೊಂಡಿದ್ದ. ಏನೆಂದು? ನೀವು ನಿನ್ನೆ ಬಿದ್ರಿ ಅಂತ ಹೇಳಿ ಎಂದೇ? ಅಥವಾ ಹೀಗೆ ಹೀಗೆ ನನ್ನಿಂದ ತಪ್ಪಾಯಿತು ಎಂದೇ? ಎರಡನ್ನೂ ಮನಸ್ಸಿನಲ್ಲಿ ಹೇಳಿ ನೋಡಿದ. ಎರಡರಲ್ಲೂ ಮೊದಲ ಶಬ್ದ ‘ಅತ್ತೆ’ ಎಂದೇ ಇತ್ತು, ಅದರ ಮುಂದಕ್ಕೆ ಹೋಗಲಿಲ್ಲ. ಆ್ಯಂಬುಲೆನ್ಸಿನಲ್ಲಿ ಹೆಂಡತಿ ತಾಯಿಯ ಪಕ್ಕ ಕೂತಳು, ಅವನು ಡ್ರೈವರಿನ ಪಕ್ಕ. ಡ್ರೈವರು ಉದ್ದಕ್ಕೂ ಸಿಗ್ನಲ್ಲುಗಳನ್ನು ಬೈಯುತ್ತಿದ್ದ, ಅವನು ಹ್ಞೂಂ ಹ್ಞೂಂ ಎನ್ನುತ್ತಿದ್ದ. ಹಿಂದಿನಿಂದ ಅತ್ತೆ ‘ಅಳಿಯಂದ್ರು ಊಟ ಮಾಡಿದ್ರೋ ಇಲ್ವೋ’ ಎಂದು ಮಗಳನ್ನು ಕೇಳುತ್ತಿದ್ದುದು ಕೇಳಿಸಿತು.

ಡಾಕ್ಟರು ತಾವೇ ಸ್ಟ್ರೆಚರಿನ ಹತ್ತಿರ ಬಂದರು. ಪಾದ ಹಿಡಿದು ಮೆಲ್ಲಗೆ ಒಂದೇ ಒಂದು ಸಲ ತಿರುಗಿಸಿದರು. ಅತ್ತೆಯ ಬಾಯಿಂದ ಬಂದ ಸದ್ದನ್ನು ಹನ್ನೊಂದು ದಿನದಲ್ಲಿ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹೆಂಡತಿ ಗೋಡೆಯ ಕಡೆ ನೋಡಿದಳು.

‘ಪುಣ್ಯಕ್ಕೆ ಇನ್ನೂ ಜಾರಿಲ್ಲ ಅನ್ಸುತ್ತೆ’ ಎಂದರು ಡಾಕ್ಟರು. ‘ಇನ್ನೊಂದು ಫಿಲ್ಮ್ ತೆಗೆದು ನೋಡೋಣ. ಹಾಗೇ ಇದ್ರೆ ಎರಡು ಸ್ಕ್ರೂ ಹಾಕಿದ್ರೆ ಸಾಕು. ನಿನ್ನೆ ಮತ್ತೆ ಬಿದ್ರಂತಲ್ಲಮ್ಮಾ?’

‘ನಿನ್ನೆನಾ?’ ಎಂದಳು ಹೆಂಡತಿ. ‘ಯಾವಾಗ? ನಾನು ಮನೆಲೇ ಇದ್ನಲ್ಲ!’

ಅತ್ತೆ ಮೊದಲು ಡಾಕ್ಟರನ್ನು ನೋಡಿದರು, ಆಮೇಲೆ ಅವನನ್ನು. ಅವರ ಕನ್ನಡಕ ಮನೆಯಲ್ಲೇ ಉಳಿದಿತ್ತು, ಆದ್ದರಿಂದ ಅವರಿಗೆ ತನ್ನ ಮುಖ ಸರಿಯಾಗಿ ಕಾಣುತ್ತಿರಲಿಕ್ಕಿಲ್ಲ ಎಂದುಕೊಳ್ಳಲು ಅವನು ಪ್ರಯತ್ನಿಸಿದ. ಅವರು ಬಹಳ ಹೊತ್ತು ನೋಡಿದರು. ಕಚೇರಿಯಲ್ಲಿ ಮೇಲಿನವರು ತಪ್ಪಾಗಿ ಬರೆದುಕೊಟ್ಟ ಕಾಗದವನ್ನು, ತಪ್ಪೆಂದು ಗೊತ್ತಿದ್ದೂ, ಇದ್ದ ಹಾಗೇ ಟೈಪು ಮಾಡಲು ಕೂತಾಗ ಹೀಗೇ ನೋಡುತ್ತಿದ್ದರೇನೋ.

‘ಹೌದು ಡಾಕ್ಟ್ರೇ, ನಿನ್ನೆ’ ಎಂದರು ಅತ್ತೆ. ‘ಮಧ್ಯಾಹ್ನ. ಇವಳು ಬಟ್ಟೆ ಒಣಗಿಸೋಕೆ ಮೇಲೆ ಹೋಗಿದ್ಲು. ಬಾಗಿಲ ಹತ್ರ ಕಾಲೊರೆಸಿಗೆ ಸಿಕ್ಕಿ ಬಿದ್ದೆ. ಆಮೇಲೆ ನಾನೇ ಎದ್ದೆ.’

‘ಅದಕ್ಕೇ. ಮೊದಲಿನ ಫಿಲ್ಮಲ್ಲಿ ಏನೂ ಇರ್ಲಿಲ್ಲ’ ಎಂದರು ಡಾಕ್ಟರು.

‘ಇರ್ಲಿಲ್ಲ’ ಎಂದರು ಅತ್ತೆ. ‘ಮೊದಲಿನದು ಸುಮ್ನೆ, ನಾನೇ ಅತಿ ಮಾಡ್ದೆ.’

ಹೆಂಡತಿಯ ಮುಖದ ಬಿಗಿ ಸಡಿಲಾಯಿತು. ಅವನು ಅದನ್ನು ಕಣ್ಣಾರೆ ಕಂಡ. ಗೋಡೆಯ ಕಡೆಗಿದ್ದ ಮುಖ ಈಚೆಗೆ ತಿರುಗಿತು, ಹನ್ನೊಂದು ದಿನ ತಾನಾಡಿದ ಮಾತುಗಳೆಲ್ಲ ಸರಿಯಾಗಿಯೇ ಇದ್ದವು ಎಂದು ತಿಳಿದವಳ ಮುಖ. ತನಗೂ ಅಂಥದೇ ಒಂದು ಮುಖ ಬರುತ್ತಿದೆಯೇ ಎಂದು ಅವನಿಗೆ ಹೆದರಿಕೆಯಾಯಿತು, ಯಾಕೆಂದರೆ ಎದೆಯೊಳಗೆ ಏನೋ ನಿಜವಾಗಿಯೂ ಹಗುರವಾಗುತ್ತಿತ್ತು.

‘ನೋಡಿ ಮತ್ತೆ!’ ಎಂದಳು ಹೆಂಡತಿ. ‘ಏನೂ ಆಗ್ದೆ ಇದ್ದಾಗ ದಿನಾ ಅಯ್ಯೋ ಅಮ್ಮಾ. ನಿಜವಾಗ್ಲೂ ಬಿದ್ದಾಗ ಬಾಯೇ ಬಿಡ್ಲಿಲ್ಲ. ಯಾಕಮ್ಮ ಹೇಳ್ಲಿಲ್ಲ ನೀನು?’

‘ಹೇಳಿದ್ರೆ ನಂಬ್ತಿದ್ಯಾ?’ ಎಂದರು ಅತ್ತೆ.

ಸಿಟ್ಟಿನಿಂದ ಕೇಳಿದ್ದಲ್ಲ. ಗಂಟೆ ಎಷ್ಟಾಯಿತು ಎಂದು ಕೇಳಿದ ಹಾಗೆ ಕೇಳಿದರು. ಅತ್ತೆ ಚಾವಣಿಯ ಫ್ಯಾನು ನೋಡುತ್ತ ಮಲಗಿದರು, ಒಂದು ಕೈ ಸ್ಟ್ರೆಚರಿನ ಕಂಬಿಯನ್ನು ಹಿಡಿದಿತ್ತು. ಹಿಡಿದದ್ದು ನೆನಪಾಗಿ, ಅಳಿಯನ ಎದುರಿಗೆ ಹಿಡಿಯಬಾರದು ಎನ್ನಿಸಿತೋ ಏನೋ, ಅವರು ಬೆರಳುಗಳನ್ನು ಒಂದೊಂದಾಗಿ ಕಂಬಿಯಿಂದ ಬಿಡಿಸಿ ಕೈಯನ್ನು ಎದೆಯ ಮೇಲಿಟ್ಟುಕೊಂಡರು. ಅದನ್ನು ನೋಡಿದ ಮೇಲೆ ಅವನಿಂದ ಸುಮ್ಮನೆ ನಿಲ್ಲಲಾಗಲಿಲ್ಲ.

‘ಅವರು ನಿನ್ನೆ ಬಿದ್ದಿಲ್ಲ ಸರ್’ ಎಂದ.

ಧ್ವನಿ ಅವನಿಗೇ ಸರಿಯಾಗಿ ಕೇಳಲಿಲ್ಲ. ಡಾಕ್ಟರು ‘ಏನು?’ ಎಂದರು.

‘ಅದು ಹೊಸ ಫಿಲ್ಮಲ್ಲ. ಅವತ್ತಿನದೇ. ಅವತ್ತು ನಾನು ಚಿಕ್ಕದು ಕಳ್ಸಿದ್ದೆ, ಅದರಲ್ಲಿ ಗೆರೆ ಕಾಣ್ತಿರ್ಲಿಲ್ಲ. ನಿಮ್ಮ ಫೋನು ತುಂಬುತ್ತೆ ಅಂತ... ಮನೆಯವರದು ಅಂತ... ಮೂಳೆ ಮೊದಲ ದಿನದಿಂದಾನೂ ಸೀಳಿತ್ತು.’

ಡಾಕ್ಟರು ಜೇಬಿನಿಂದ ಫೋನು ತೆಗೆದರು, ಏನನ್ನೋ ಹಿಂದಕ್ಕೆ ಹಿಂದಕ್ಕೆ ಸರಿಸಿದರು, ಒಂದು ಕಡೆ ನಿಲ್ಲಿಸಿ ನೋಡಿದರು. ಆಮೇಲೆ ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡು, ಎಕ್ಸ್‌ರೇ ರೂಮು ಖಾಲಿ ಇದೆಯೇ ಎಂದು ನರ್ಸನ್ನು ಕೇಳಿದರು. ಹೆಂಡತಿ ಅವನನ್ನು ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ. ಕೈಯಲ್ಲಿದ್ದ ಚೀಲದ ಹಿಡಿಯನ್ನು ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಪಾದ ತಿರುಗಿಸಿದಾಗ ಅಳದ ಅತ್ತೆ ಈಗ ಅಳುತ್ತಿದ್ದರು, ಕಣ್ಣೀರು ಎರಡೂ ಕಡೆ ಕಿವಿಯೊಳಕ್ಕೆ ಇಳಿಯುತ್ತಿತ್ತು, ಅವರು ಒರೆಸಿಕೊಳ್ಳಲಿಲ್ಲ. ಬೈಯುತ್ತಾರೆ ಎಂದು ಅವನು ಕಾದ. ಬೈಯಲಿ ಎಂದು ಮನಸಾರೆ ಆಸೆಪಟ್ಟ.

‘ಅಳಿಯಂದ್ರೆ’ ಎಂದರು ಅತ್ತೆ, ‘ಅದನ್ನ ಇನ್ನೊಂದ್ಸಲ ಹೇಳಿ. ನನಗಲ್ಲ. ಅವಳ ಕಡೆ ತಿರುಗಿ ಹೇಳಿ.’

ಅವನು ಹೆಂಡತಿಯ ಕಡೆ ತಿರುಗಿದ. ಅವಳು ಬೇಡ ಎನ್ನುವ ಹಾಗೆ ತಲೆಯಾಡಿಸಿದಳು. ಅವನು ಇನ್ನೊಂದು ಸಲ, ಒಂದು ಮಾತೂ ಬಿಡದೆ, ಹೇಳಿದ.